4.2 × 3.3 ಮೀಟರ್ ಕೋಣೆಯಲ್ಲಿ ಬೇಸ್ ಗುಂಯ್ ಅನ್ನುತ್ತಿದೆ: ಆಂಪ್ (ಆಂಪ್ಲಿಫೈಯರ್) ಬದಲಿಸುವುದೋ, ಸ್ಪೀಕರ್ ಜಾಗ ಬದಲಿಸುವುದೋ?

1. ಹೊಸಕಿವಿ

ಎಲ್ಲರಿಗೂ ನಮಸ್ಕಾರ. ಸದ್ಯಕ್ಕೆ ಒಂದೇ ವಸ್ತು ಕೊಳ್ಳಲು ಸಾಧ್ಯ. ಯಾವುದು ಮೊದಲು ಎಂದು ಕೇಳಲು ಬಂದೆ.

ಕೋಣೆ 4.2 ಮೀ ಉದ್ದ, 3.3 ಮೀ ಅಗಲ, 3 ಮೀ ಎತ್ತರ. ಇಟ್ಟಿಗೆ ಗೋಡೆ, ಕಾಂಕ್ರೀಟ್ ಸೂರು, ಟೈಲ್ಸ್ ನೆಲ. ಸ್ಪೀಕರ್ ಎರಡು ದಾರಿಯ ಬುಕ್‌ಶೆಲ್ಫ್: 6.5 ಇಂಚಿನ ವೂಫರ್ (ಬೇಸ್ ಹೊರಡಿಸುವ ದೊಡ್ಡ ಕೋನ್), ಹಿಂದುಗಡೆ ಪೋರ್ಟ್ (ಗಾಳಿ ಆಡುವ ತೂತು), ಸೆನ್ಸಿಟಿವಿಟಿ (1 ವ್ಯಾಟ್‌ಗೆ 1 ಮೀ ದೂರದಲ್ಲಿ ಬರುವ ಶಬ್ದ) 86 ಡಿಬಿ, 8 ಓಮ್, ಆಳ 28 ಸೆಂ.ಮೀ. ಆಂಪ್ ಚಾನೆಲ್‌ಗೆ 60 ವ್ಯಾಟ್. ಕಂಪ್ಯೂಟರ್‌ನಿಂದ ಯುಎಸ್‌ಬಿ ಡ್ಯಾಕ್ (ಡಿಜಿಟಲ್ ಹಾಡನ್ನು ಆಂಪ್‌ಗೆ ಬೇಕಾದ ಅನಲಾಗ್ ಸಿಗ್ನಲ್ ಮಾಡುವ ಪೆಟ್ಟಿಗೆ) ಮೂಲಕ ಹಾಡು. 3.3 ಮೀ ಗೋಡೆಯ ಎದುರು, ಗೋಡೆಗೆ 10 ಸೆಂ.ಮೀ ಬಿಟ್ಟು ಸ್ಪೀಕರ್ ಇವೆ. ಸೋಫಾ ಎದುರು ಗೋಡೆಗೆ ಅಂಟಿಕೊಂಡಿದೆ.

ತೊಂದರೆ ಏನೆಂದರೆ, ಬೇಸ್‌ನ ಕೆಲವು ಸ್ವರ ಕೋಣೆಯೇ ನಡುಗುವಂತೆ ಗುಂಯ್ ಅನ್ನುತ್ತವೆ, ಪಕ್ಕದ ಸ್ವರಗಳು ಇದ್ದೂ ಇಲ್ಲದಂತೆ. ಗಾಯಕರ ದನಿ ಮಡಕೆಯೊಳಗಿಂದ ಬಂದ ಹಾಗೆ. 120 ವ್ಯಾಟ್ ಆಂಪ್, ದಪ್ಪ ಸ್ಪೀಕರ್ ವೈರ್, ಗೋಡೆಗೆ ಫೋಮ್ ಈ ಮೂರರಲ್ಲಿ ಯಾವುದು ಮೊದಲು?

2. ತಂತಿಪ್ರಿಯ

ಆಂಪ್. 60 ವ್ಯಾಟ್‌ಗೆ ವೂಫರ್ ಮೇಲೆ ಹಿಡಿತ ಸಾಲದು, ಅದಕ್ಕೇ ಬೇಸ್ ಸಡಿಲವಾಗಿ ಕೇಳುತ್ತಿದೆ. ಡ್ಯಾಂಪಿಂಗ್ ಫ್ಯಾಕ್ಟರ್ (ಆ ಹಿಡಿತದ ಅಳತೆ) 500ರ ಮೇಲಿರುವುದನ್ನು ನೋಡಿ. ಜೊತೆಗೆ ವೈರ್ ಕನಿಷ್ಠ 4 ಚದರ ಮಿ.ಮೀ ಹಾಕಿ.

3. ಓಮ್‌ಕಾರ

ತಂತಿಪ್ರಿಯ ಸರ್, ಹೇಳಿದ್ದನ್ನೇ ಲೆಕ್ಕ ಹಾಕಿ ನೋಡೋಣ.

ಮೊದಲು ಪವರ್. ಸೋಫಾದಿಂದ ಸ್ಪೀಕರ್‌ಗೆ ಸುಮಾರು 3.5 ಮೀ. ಬಯಲಲ್ಲಾದರೆ ಆ ದೂರಕ್ಕೆ 11 ಡಿಬಿ ಇಳಿಯುತ್ತದೆ. ಎರಡು ಸ್ಪೀಕರ್ ಸೇರಿ 3 ಡಿಬಿ ವಾಪಸ್, ಕೋಣೆಯ ಪ್ರತಿಫಲನದಿಂದ ಸುಮಾರು 4. ಅಂದರೆ 1 ವ್ಯಾಟ್‌ಗೆ 86 − 11 + 3 + 4 = 82 ಡಿಬಿ. 60 ವ್ಯಾಟ್ ಎಂದರೆ 1 ವ್ಯಾಟ್‌ಗಿಂತ 17.8 ಡಿಬಿ ಜಾಸ್ತಿ, ಹಾಗಾಗಿ ಏರುದನಿಯ ಕ್ಷಣಗಳಿಗೆ 100 ಡಿಬಿ ತನಕ ಸಿಗುತ್ತದೆ. 120 ವ್ಯಾಟ್ ತಂದರೆ 103. ಆ 3 ಡಿಬಿಗೆ ಇಡೀ ಬಜೆಟ್ ಸುರಿಯಬೇಕೆ? ಮನೆಯಲ್ಲಿ ಸಾಮಾನ್ಯವಾಗಿ ಕೇಳುವ ಸರಾಸರಿ 75 ಡಿಬಿಗೆ ಅರ್ಧ ವ್ಯಾಟೂ ಬೇಕಿಲ್ಲ.

ಡ್ಯಾಂಪಿಂಗ್ ಫ್ಯಾಕ್ಟರ್ (ಸ್ಪೀಕರ್‌ನ ಓಮ್ ÷ ಆಂಪ್‌ನ ಒಳತಡೆ): 100 ಇದ್ದರೆ ಆಂಪ್‌ನ ಔಟ್‌ಪುಟ್ ಇಂಪೀಡೆನ್ಸ್ 0.08 ಓಮ್, 500 ಇದ್ದರೆ 0.016 ಓಮ್. ಆದರೆ ಅದೇ ದಾರಿಯಲ್ಲಿ ವೂಫರ್‌ನ ವಾಯ್ಸ್ ಕಾಯಿಲ್‌ನ (ಕೋನ್ ಆಡಿಸುವ ತಂತಿಸುರುಳಿಯ) ರೆಸಿಸ್ಟೆನ್ಸ್ ಸರಣಿಯಲ್ಲಿ ಕೂತಿದೆ, 8 ಓಮ್ ಸ್ಪೀಕರ್‌ನಲ್ಲಿ ಅದು ಸುಮಾರು 6 ಓಮ್. ಒಟ್ಟು 6.08 ಇದ್ದದ್ದು 6.016 ಆಯಿತು. ಶೇ. 1ರ ವ್ಯತ್ಯಾಸಕ್ಕೆ ಕೋನ್ ಬೇರೆ ಥರ ನಿಲ್ಲುವುದಿಲ್ಲ.

ವೈರ್: 1.5 ಚದರ ಮಿ.ಮೀ ತಾಮ್ರಕ್ಕೆ ಮೀಟರಿಗೆ ಸುಮಾರು 11.5 ಮಿಲಿಓಮ್. 3 ಮೀ ಓಟಕ್ಕೆ ಹೋಗಿ ಬರುವ ದಾರಿ 6 ಮೀ, ಒಟ್ಟು 0.07 ಓಮ್. 8 ಓಮ್ ಸ್ಪೀಕರ್‌ಗೆ 0.1 ಡಿಬಿಗಿಂತ ಕಡಿಮೆ ನಷ್ಟ. ವೈರ್ ವಿಷಯದಲ್ಲಿ ನಿಜವಾಗಿ ನೋಡಬೇಕಾದ್ದು ಎರಡೇ. ಒಂದು, ಅದು ಪೂರ್ತಿ ತಾಮ್ರವೋ ಅಥವಾ ತಾಮ್ರ ಲೇಪಿಸಿದ ಅಲ್ಯೂಮಿನಿಯಮೋ: ಎಳೆಯನ್ನು ಬ್ಲೇಡ್‌ನಿಂದ ಕೆರೆದರೆ ಒಳಗೆ ಬೆಳ್ಳಗೆ ಕಂಡರೆ ಅಲ್ಯೂಮಿನಿಯಂ. ಅದೂ ಹಾಡುತ್ತದೆ, ಆದರೆ ಅದೇ ರೆಸಿಸ್ಟೆನ್ಸ್‌ಗೆ ಒಂದೂವರೆ ಪಟ್ಟು ಚದರ ಮಿ.ಮೀ ಬೇಕು. ಎರಡು, ಪೊಲಾರಿಟಿ. ಒಂದು ಸ್ಪೀಕರ್‌ಗೆ ಪ್ಲಸ್ ಮೈನಸ್ ಅದಲುಬದಲಾಗಿದ್ದರೆ ಬೇಸ್ ಸೊರಗುತ್ತದೆ, ನಡುವೆ ಇರಬೇಕಾದ ದನಿ ಎಲ್ಲೆಲ್ಲೋ ಹರಡುತ್ತದೆ. ಆಂಪ್‌ನಿಂದ ವೈರ್ ಬಿಚ್ಚಿ, ತುದಿಗೆ 1.5 ವೋಲ್ಟ್ ಸೆಲ್ ಒಂದು ಕ್ಷಣ ಮುಟ್ಟಿಸಿ. ಸೆಲ್‌ನ ಪ್ಲಸ್, ವೈರ್‌ನ ಪ್ಲಸ್‌ಗೆ ಸೇರಿದಾಗ ಎರಡೂ ವೂಫರ್ ಒಂದೇ ದಿಕ್ಕಿಗೆ, ಸಾಮಾನ್ಯವಾಗಿ ಹೊರಕ್ಕೆ, ಚಲಿಸಬೇಕು.

ನನ್ನ ಮತ: ಆಂಪ್ ಹಾಗೇ ಇರಲಿ. ಮಂದ್ರ ಅವರು ಬರಲಿ, ಇದು ಕೋಣೆಯ ಕಾಯಿಲೆ.

4. ಮಂದ್ರ

ಬಂದೆ. ಈ ಅಳತೆ ನೋಡಿದರೇ ಅರ್ಧ ಉತ್ತರ ಸಿಗುತ್ತದೆ.

ಎದುರುಬದುರು ಗೋಡೆಗಳ ನಡುವೆ ಅಲೆ ನಿಂತುಬಿಡುತ್ತದೆ. ಯಾವ ಫ್ರೀಕ್ವೆನ್ಸಿಯಲ್ಲಿ ಎಂದು ತಿಳಿಯಲು, ಶಬ್ದದ ವೇಗ 343 ಅನ್ನು ಆ ಅಳತೆಯ ಎರಡರಷ್ಟರಿಂದ ಭಾಗಿಸಿ. ಉದ್ದಕ್ಕೆ 343 ÷ 8.4 = 41 ಹರ್ಟ್ಜ್. ಅಗಲಕ್ಕೆ 52. ಎತ್ತರಕ್ಕೆ 57. ಅವುಗಳ ಎರಡರಷ್ಟು 82, 104, 114ರಲ್ಲೂ ಮತ್ತೆ ಹಾಗೇ. ಇವನ್ನು ರೂಮ್ ಮೋಡ್ ಅನ್ನುತ್ತೇವೆ.

ಈಗ ಬೇಸ್ ಗಿಟಾರ್ ನೆನೆಯಿರಿ. ಅದರ ಅತಿ ಕೆಳಗಿನ ಬಿಟ್ಟ ತಂತಿ ‘ಇ’, 41.2 ಹರ್ಟ್ಜ್. ನಿಮ್ಮ ಕೋಣೆಯ ಉದ್ದಕ್ಕೆ ಹೇಳಿ ಮಾಡಿಸಿದ ಹಾಗೆ! ಮೇಲಿನ ಸ್ಥಾಯಿಯ ‘ಇ’ 82.4, ಅದೂ ಎರಡನೇ ಮೋಡ್ ಮೇಲೆಯೇ. ಆ ಸ್ವರ ಬಂದಾಗಲೆಲ್ಲ ಕೋಣೆ ಮೊಳಗುತ್ತದೆ, ಪಕ್ಕದ ಸ್ವರ ಬಂದಾಗ ಸುಮ್ಮನಿರುತ್ತದೆ. ಆಂಪ್‌ಗೂ ಇದಕ್ಕೂ ಸಂಬಂಧವಿಲ್ಲ.

ಮೋಡ್‌ನ ಒತ್ತಡ ಗೋಡೆಯ ಬಳಿ ಅತಿ ಹೆಚ್ಚು. ನಿಮ್ಮ ಸೋಫಾ ಗೋಡೆಗೆ ಅಂಟಿದೆ, ಸ್ಪೀಕರ್ ಇನ್ನೊಂದು ಗೋಡೆಗೆ ಅಂಟಿದೆ. ಸ್ಪೀಕರ್ ಆ ಮೋಡ್‌ಗಳನ್ನು ಪೂರ್ತಿ ಕೆರಳಿಸುವ ಜಾಗದಲ್ಲಿದೆ, ಕಿವಿ ಪೂರ್ತಿ ಕೇಳುವ ಜಾಗದಲ್ಲಿದೆ. ಇದಕ್ಕಿಂತ ಕೆಟ್ಟ ಜೋಡಣೆ ಹುಡುಕಿದರೂ ಸಿಗಲಿಕ್ಕಿಲ್ಲ, ಮನೆಮನೆಯಲ್ಲೂ ಇರುವುದು ಮಾತ್ರ ಇದೇ.

ಮಡಕೆಯ ದನಿಗೆ ಕಾರಣ ಬೇರೆ. ಸ್ಪೀಕರ್‌ನ ಹಿಂದಿನ ಗೋಡೆಗೆ ಹೋಗಿ ತಿರುಗಿ ಬರುವ ಅಲೆ, ನೇರ ಬರುವ ಅಲೆಗೆ ವಿರುದ್ಧ ಫೇಸ್‌ನಲ್ಲಿ (ಒಂದರ ಏರಿಗೆ ಇನ್ನೊಂದರ ಇಳಿತ ಬರುವಂತೆ) ಸೇರಿದರೆ ಅಲ್ಲೊಂದು ಗುಂಡಿ ಬೀಳುತ್ತದೆ. ಗುಂಡಿಯ ಫ್ರೀಕ್ವೆನ್ಸಿ = 343 ÷ (4 × ವೂಫರ್‌ನಿಂದ ಗೋಡೆಗಿರುವ ದೂರ). ವೂಫರ್ ಇರುವುದು ಪೆಟ್ಟಿಗೆಯ ಮುಂಭಾಗದಲ್ಲಿ, ಹಾಗಾಗಿ ದೂರ 10 + 28 = 38 ಸೆಂ.ಮೀ. ಗುಂಡಿ 226 ಹರ್ಟ್ಜ್‌ನಲ್ಲಿ. ಕಿವಿಯ ಹಿಂದಿನ ಗೋಡೆ 25 ಸೆಂ.ಮೀ ದೂರ ಇದ್ದರೆ ಅದರಿಂದ ಇನ್ನೊಂದು, 343ರಲ್ಲಿ. ಎರಡೂ ಮನುಷ್ಯರ ದನಿಯ ಮೈ ಇರುವ ಜಾಗ.

ಖರ್ಚಿಲ್ಲದ ಮೊದಲ ಕೆಲಸ: ವೂಫರ್ ಗೋಡೆಯಿಂದ 70 ಸೆಂ.ಮೀ ಬರುವ ಹಾಗೆ ಸ್ಪೀಕರ್ ಮುಂದೆ ತನ್ನಿ. ಸೋಫಾ ಗೋಡೆ ಬಿಡಲಿ. ಎಷ್ಟು ಬಿಡಬಹುದು ಹೇಳಿ, ಅದರ ಮೇಲೆ ಲೆಕ್ಕ ಹಾಕೋಣ.

5. ಹೊಸಕಿವಿ

ಪೊಲಾರಿಟಿ ಸರಿ ಇದೆ. ಸೋಫಾ ಮುಂದೆ ತಂದರೆ ಕಿವಿ ಹಿಂದಿನ ಗೋಡೆಯಿಂದ 1.1 ಮೀ ಆರಾಮಾಗಿ ಬರುತ್ತದೆ. ಕಷ್ಟಪಟ್ಟರೆ 1.4. ಅಷ್ಟು ಸಾಕಾ? ಕೋಣೆಯ ಮಧ್ಯಕ್ಕೇ ತಂದರೆ ಇನ್ನೂ ಒಳ್ಳೆಯದಾ?

6. ಮಂದ್ರ

ಕಷ್ಟಪಡಿ, 1.4 ಮಾಡಿ. ಆ 30 ಸೆಂ.ಮೀ ಇಲ್ಲಿ ಬಹಳ ದೊಡ್ಡದು.

1.1 ಮೀ ಎಂದರೆ ಕೋಣೆಯ ಕಾಲು ಭಾಗಕ್ಕೆ (1.05) ಹತ್ತಿರ. ಕಾಲು ಭಾಗದಲ್ಲಿ ಎರಡನೇ ಮೋಡ್ ಸತ್ತುಹೋಗುತ್ತದೆ. 82 ಹರ್ಟ್ಜ್ ಅಲ್ಲಿ 20 ಡಿಬಿಗೂ ಹೆಚ್ಚು ಕುಸಿಯಬಹುದು, ಡ್ರಮ್‌ನ ಏಟು ತೆಳ್ಳಗಾಗುತ್ತದೆ. 41 ಹರ್ಟ್ಜ್ ಮಾತ್ರ ಗೋಡೆಗೆ ಹೋಲಿಸಿದರೆ 3 ಡಿಬಿಯಷ್ಟೇ ಇಳಿದಿರುತ್ತದೆ. ಮಧ್ಯಕ್ಕೆ, ಅಂದರೆ 2.1 ಮೀಗೆ ಬಂದರೆ ಉಲ್ಟಾ: 41 ಸತ್ತಿತು, 82 ಗೋಡೆಯಷ್ಟೇ ಜೋರು. 1.4 ಎಂದರೆ ಉದ್ದದ ಮೂರನೇ ಒಂದು ಭಾಗ. ಅಲ್ಲಿ ಎರಡೂ ಮೋಡ್ ತಲಾ 6 ಡಿಬಿ ಇಳಿಯುತ್ತವೆ. ಯಾವುದೂ ಸಾಯುವುದಿಲ್ಲ, ಯಾವುದೂ ಮೊಳಗುವುದಿಲ್ಲ.

ಮೂರನೇ ಮೋಡ್ (122 ಹರ್ಟ್ಜ್) ಆ ಜಾಗದಲ್ಲಿ ಪೂರ್ತಿ ಜೋರಾಗುತ್ತದಲ್ಲ ಅನ್ನಬಹುದು. ಅದಕ್ಕೇ ಸ್ಪೀಕರ್‌ಗೆ 70 ಸೆಂ.ಮೀ ಹೇಳಿದ್ದು. ಅದು ಉದ್ದದ ಆರನೇ ಒಂದು ಭಾಗ, ಮೂರನೇ ಮೋಡ್ ಸೊನ್ನೆ ಆಗುವ ಬಿಂದು. ಅಲ್ಲಿಟ್ಟ ಸ್ಪೀಕರ್ ಆ ಮೋಡನ್ನು ಎಬ್ಬಿಸಲಾರದು. 70 ಸೆಂ.ಮೀಗೆ ಗೋಡೆ ಗುಂಡಿಯ ಲೆಕ್ಕ ಹಾಕಿದರೂ 343 ÷ 2.8 = 122 ಎಂದೇ ಬರುತ್ತದೆ. ಒಂದೇ ಸಂಗತಿಯನ್ನು ಎರಡು ಬಾಗಿಲಿನಿಂದ ನೋಡಿದ್ದು ಅಷ್ಟೇ.

ಅಗಲದ 52 ಹರ್ಟ್ಜ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ, ಆದರೆ ಒಂದು ಷರತ್ತು. ಎರಡು ಸ್ಪೀಕರ್ ಪಕ್ಕದ ಗೋಡೆಗಳಿಂದ ಸರಿಸಮ ದೂರದಲ್ಲಿರಬೇಕು, ನೀವು ನಟ್ಟನಡುವೆ ಕೂರಬೇಕು. ಹಾಗಿದ್ದರೆ ಎರಡೂ ಕಡೆ ಸಮನಾಗಿ ಬರುವ ಬೇಸ್ ಆ ಮೋಡನ್ನು ವಿರುದ್ಧ ದಿಕ್ಕಿಗೆ ತಳ್ಳಿ ರದ್ದು ಮಾಡುತ್ತದೆ. ಒಂದು ಸ್ಪೀಕರ್ ಮೂಲೆಗೆ ಸರಿದರೆ ಈ ಉಪಕಾರ ಹೋಯಿತು.

ಪಕ್ಕದ ಗೋಡೆಯಿಂದ 60 ಸೆಂ.ಮೀ, ಅಂದರೆ ಸ್ಪೀಕರ್‌ಗಳ ನಡುವೆ 2.1 ಮೀ. ಕಿವಿಗೆ ದೂರ 2.35 ಮೀ. ಸಮಬಾಹು ತ್ರಿಕೋನಕ್ಕಿಂತ ಸ್ವಲ್ಪ ಸಣ್ಣದು, ಪರವಾಗಿಲ್ಲ. ಮೂಲೆಗೆ ದೂಡುವುದಕ್ಕಿಂತ ಒಳ್ಳೆಯದು. ಟ್ವೀಟರ್ (ಮೇಲಿನ ಸ್ವರಗಳ ಸಣ್ಣ ಕೋನ್) ಕಿವಿಯ ಮಟ್ಟಕ್ಕೆ, ನೆಲದಿಂದ ಸುಮಾರು 1 ಮೀ. ವೂಫರ್ ಆಗ 80 ಸೆಂ.ಮೀ ಎತ್ತರಕ್ಕೆ ಬರುತ್ತದೆ. ಹಿಂದಿನ ಗೋಡೆ, ಪಕ್ಕದ ಗೋಡೆ, ನೆಲ ಈ ಮೂರು ದೂರ ಒಂದೇ ಆಗದಂತೆ ನೋಡಿಕೊಳ್ಳಿ. ಮೂರೂ 70 ಇದ್ದರೆ ಗುಂಡಿಗಳು ಹತ್ತಿರ ಹತ್ತಿರ ಸೇರಿ ಬಾವಿಯಾಗುತ್ತವೆ.

ಪೋರ್ಟ್ ಬಗ್ಗೆ: ಬೇಸ್ ಇನ್ನೂ ಜಾಸ್ತಿ ಅನ್ನಿಸಿದರೆ ಸ್ಪಂಜಿನ ಉಂಡೆಯಿಂದ ಮುಚ್ಚಿ ನೋಡಿ. ಪೋರ್ಟ್ ತೆರೆದಾಗ ಕೆಳಗಿನ ತುದಿಯಲ್ಲಿ ಶಬ್ದ ಆಕ್ಟೇವ್‌ಗೆ (ಫ್ರೀಕ್ವೆನ್ಸಿ ಅರ್ಧ ಆದಾಗಲೆಲ್ಲ) 24 ಡಿಬಿ ಕಡಿದಾಗಿ ಬೀಳುತ್ತದೆ, ಮುಚ್ಚಿದರೆ ಬೇಗ ಶುರುವಾಗಿ 12 ಡಿಬಿ ಇಳಿಜಾರಿನಲ್ಲಿ ಮೆಲ್ಲಗೆ ಇಳಿಯುತ್ತದೆ. ಕೋಣೆ ಸೇರಿಸುವ ಬೇಸ್‌ಗೆ ಎರಡನೆಯದು ಹೆಚ್ಚು ಹೊಂದುತ್ತದೆ. ಒಂದು ಎಚ್ಚರಿಕೆ: ಮುಚ್ಚಿದಾಗ ಪೋರ್ಟ್‌ನ ಟ್ಯೂನಿಂಗ್ ಫ್ರೀಕ್ವೆನ್ಸಿಯ ಸುತ್ತ ಕೋನ್ ಹೆಚ್ಚು ದೂರ ಓಡಾಡುತ್ತದೆ. ವಾಲ್ಯೂಮ್ ಏರಿಸಿದಾಗ ಟಕ್ ಟಕ್ ಎಂದರೆ ತಕ್ಷಣ ಇಳಿಸಿ.

7. ನಾಲ್ಕನೇ ಗೋಡೆ

ಫೋಮ್ ಕೇಳಿದ್ದಿರಿ. 41 ಹರ್ಟ್ಜ್ ಅಲೆಯ ಉದ್ದ 8.4 ಮೀ. 5 ಸೆಂ.ಮೀ ಫೋಮ್ ಅದರ ಪಾಲಿಗೆ ಇಲ್ಲವೇ ಇಲ್ಲ. ಅದು ಹಿಡಿಯುವುದು ಸುಮಾರು 700 ಹರ್ಟ್ಜ್‌ನಿಂದ ಮೇಲೆ. ಗೋಡೆ ತುಂಬ ಅಂಟಿಸಿದರೆ ಮೇಲಿನ ಸ್ವರಗಳು ಸತ್ತು, ಕೆಳಗಿನ ಗುಂಯ್ ಇನ್ನೂ ಎದ್ದು ಕೇಳುತ್ತದೆ. ಮೊಟ್ಟೆ ಟ್ರೇ ಬಗ್ಗೆ ಯಾರಾದರೂ ಹೇಳುವ ಮುಂಚೆಯೇ ಹೇಳಿಬಿಡುತ್ತೇನೆ, ಅದು ಅಲಂಕಾರ.

ಮಾಡುವುದಾದರೆ ಹೀಗೆ. 60 × 120 ಸೆಂ.ಮೀ, 10 ಸೆಂ.ಮೀ ದಪ್ಪದ ರಾಕ್‌ವೂಲ್ (ಕಲ್ಲಿನ ನಾರಿನ) ಹಲಗೆ, ಸಾಂದ್ರತೆ ಘನ ಮೀಟರಿಗೆ 48 ಕೆ.ಜಿ ಆಸುಪಾಸು. ಮರದ ಚೌಕಟ್ಟು, ಮೇಲೆ ಬಟ್ಟೆ. ಬಟ್ಟೆ ಬಾಯಿಗಿಟ್ಟು ಊದಿದರೆ ಉಸಿರು ಆಚೆ ಹೋಗಬೇಕು, ರೆಕ್ಸಿನ್ ಹಾಕಿದರೆ ಕೆಲಸ ಕೆಟ್ಟಿತು. ಗೋಡೆಯಿಂದ 10 ಸೆಂ.ಮೀ ಅಂತರ ಬಿಟ್ಟು ತೂಗುಹಾಕಿ. ಆ ಖಾಲಿ ಜಾಗಕ್ಕೆ ದುಡ್ಡಿಲ್ಲ, ಆದರೆ ಹಲಗೆ ಇನ್ನೂ ಕೆಳಗಿನ ಫ್ರೀಕ್ವೆನ್ಸಿ ತನಕ ಹೀರುವಂತೆ ಮಾಡುವುದು ಅದೇ. ಗಾಳಿಯ ಕಣಗಳು ಓಡಾಡುವುದು ಗೋಡೆಯ ಮೇಲಲ್ಲ, ಗೋಡೆಯಿಂದ ದೂರದಲ್ಲಿ. ಕತ್ತರಿಸುವಾಗ ಮಾಸ್ಕ್, ಕೈಗವಸು, ಉದ್ದ ತೋಳು ಬೇಕೇ ಬೇಕು.

ಎಲ್ಲಿ ಹಾಕುವುದು? ಪಕ್ಕದ ಗೋಡೆಯ ಮೇಲೆ ಕನ್ನಡಿ ಸರಿಸುತ್ತಾ ಹೋಗಿ, ಕೂತಲ್ಲಿಂದ ಸ್ಪೀಕರ್ ಕಾಣುವ ಜಾಗವೇ ಮೊದಲ ಪ್ರತಿಫಲನದ ಬಿಂದು. ಮಂದ್ರ ಸರ್ ಕೊಟ್ಟ ಅಳತೆಗೆ ಅದು ಮುಂದಿನ ಗೋಡೆಯಿಂದ 1.26 ಮೀ. ಅಲ್ಲಿಂದ ಬರುವ ಶಬ್ದ ನೇರ ಶಬ್ದಕ್ಕಿಂತ 2.1 ಮಿಲಿಸೆಕೆಂಡ್ ತಡ. ಎರಡೂ ಬದಿಗೆ ಒಂದೊಂದು, ಸೋಫಾ ಹಿಂದಿನ ಗೋಡೆಗೆ ಎರಡು, ಟೈಲ್ಸ್ ಮೇಲೆ ಸ್ಪೀಕರ್ ಮತ್ತು ಸೋಫಾ ನಡುವೆ ದಪ್ಪ ಜಮಖಾನ. ಅಷ್ಟೇ ಸಾಕು. ಪಕ್ಕದ ಪ್ರತಿಫಲನ ಹಿತ ಅನ್ನುವವರೂ ಇದ್ದಾರೆ. ಹಲಗೆಯನ್ನು ಮೊದಲು ಒರಗಿಸಿ ನಿಲ್ಲಿಸಿ ಕೇಳಿ, ಆಮೇಲೆ ಮೊಳೆ ಹೊಡೆಯಿರಿ.

ಇದರಿಂದ 41 ಹರ್ಟ್ಜ್ ಬಗ್ಗುವುದಿಲ್ಲ ಎಂಬುದು ನೆನಪಿರಲಿ. ಮೂಲೆಗಳಲ್ಲಿ 40 ಸೆಂ.ಮೀ ದಪ್ಪದ ಕಂಬಗಳನ್ನು ನೆಲದಿಂದ ಸೂರಿನವರೆಗೆ ನಿಲ್ಲಿಸಿದರೂ ಅಷ್ಟು ಕೆಳಗೆ ಫಲ ಅಲ್ಪ.

8. ಗ್ರಾಫ್ ಗಿರಾಕಿ

ನಾನು ಬರುವಷ್ಟರಲ್ಲಿ ಎಲ್ಲರೂ ಲೆಕ್ಕ ಮುಗಿಸಿದ್ದಾರೆ. ಲೆಕ್ಕ ದಾರಿ ತೋರಿಸುತ್ತದೆ. ಬಾಗಿಲು, ಕಿಟಕಿ, ಕಪಾಟು ಇರುವ ಕೋಣೆ ಲೆಕ್ಕದಂತೆ ಪೂರ್ತಿ ನಡೆಯುವುದಿಲ್ಲ. ಅಳೆಯಿರಿ. ಕೊಳ್ಳಲು ಒಂದೇ ವಸ್ತು ಎಂದಿರಲ್ಲ, ಅದು ಅಳತೆಯ ಮೈಕ್ ಆಗಲಿ. ಯುಎಸ್‌ಬಿ ಮೈಕ್ (ಯುಮಿಕ್-1 ಥರದ್ದು) ಸಾಕು, ತಂತ್ರಾಂಶಕ್ಕೆ ರೂಮ್ ಈಕ್ಯೂ ವಿಝರ್ಡ್, ಅಂದರೆ ಆರ್‌ಇಡಬ್ಲ್ಯೂ, ಉಚಿತ.

ಮೈಕ್‌ನ ಸೀರಿಯಲ್ ನಂಬರ್‌ಗೆ ಸೇರಿದ ಕ್ಯಾಲಿಬ್ರೇಷನ್ (ಮೈಕ್‌ನ ತಪ್ಪು ತಿದ್ದುವ) ಫೈಲ್ ಇಳಿಸಿಕೊಳ್ಳಿ. ಎರಡು ಸಿಗುತ್ತವೆ. ಮೈಕ್ ಸ್ಪೀಕರ್ ಕಡೆ ನೋಡುತ್ತಿದ್ದರೆ 0 ಡಿಗ್ರಿಯದು, ಸೂರಿನ ಕಡೆ ನೆಟ್ಟಗಿದ್ದರೆ 90 ಡಿಗ್ರಿಯದು. ಮೈಕನ್ನು ಸ್ಟ್ಯಾಂಡ್‌ಗೆ ಹಾಕಿ ಕಿವಿ ಇರುವ ಜಾಗದಲ್ಲೇ ನಿಲ್ಲಿಸಿ. ಕೈಯಲ್ಲಿ ಹಿಡಿದರೆ ಅಳೆಯುವುದು ನಿಮ್ಮ ಮೈಯನ್ನು. ಸೋಫಾದ ಎತ್ತರದ ಒರಗು ಮೈಕ್‌ಗೆ ತಾಗುವಂತಿದ್ದರೆ ಅದರ ಪ್ರತಿಫಲನವೂ ಗ್ರಾಫ್‌ನಲ್ಲಿ ಬರುತ್ತದೆ.

ಸ್ಯಾಂಪಲ್ ರೇಟ್ 48 ಕಿಲೋಹರ್ಟ್ಜ್. ಕಂಪ್ಯೂಟರ್‌ನ ಸೌಂಡ್ ಸೆಟ್ಟಿಂಗ್‌ನಲ್ಲಿ ಮೈಕ್‌ಗೆ ನಾಯ್ಸ್ ಸಪ್ರೆಷನ್, ಆಟೋ ಗೇನ್ ಇದ್ದರೆ ಆಫ್ ಮಾಡಿ. ಹೊಸಬರ ವಿಚಿತ್ರ ಗ್ರಾಫ್‌ಗಳಲ್ಲಿ ಎಷ್ಟೋ ಇದರ ಕೂಸುಗಳು. ಫ್ಯಾನ್ ನಿಲ್ಲಿಸಿ. ಪಿಂಕ್ ನಾಯ್ಸ್ (ಎಲ್ಲ ಫ್ರೀಕ್ವೆನ್ಸಿ ಬೆರೆತ ಸುಯ್ಯೆನ್ನುವ ಶಬ್ದ) ಹಾಕಿ ಮೈಕ್ ಬಳಿ 75 ಡಿಬಿ ಬರುವಂತೆ ವಾಲ್ಯೂಮ್ ಇಡಿ. ಸ್ವೀಪ್ (ಕೆಳಗಿನಿಂದ ಮೇಲಕ್ಕೆ ಸಾಗುವ ಪರೀಕ್ಷಾ ಸ್ವರ) 20ರಿಂದ 20,000 ಹರ್ಟ್ಜ್, ಉದ್ದ 256ಕೆ ಸ್ಯಾಂಪಲ್. ಎಡ ಬೇರೆ, ಬಲ ಬೇರೆ, ಆಮೇಲೆ ಎರಡೂ ಸೇರಿಸಿ. ಸೇರಿಸಿ ಅಳೆದದ್ದನ್ನು 200 ಹರ್ಟ್ಜ್ ಕೆಳಗೆ ಮಾತ್ರ ನಂಬಿ. ಅದರ ಮೇಲೆ ಎರಡು ಸ್ಪೀಕರ್‌ಗಳ ಅಲೆಗಳು ಒಂದನ್ನೊಂದು ಕಡಿದು ಬಾಚಣಿಗೆಯ ಹಲ್ಲಿನಂತೆ ಕಾಣುತ್ತವೆ, ಕಿವಿಗೆ ಹಾಗೆ ಕೇಳುವುದಿಲ್ಲ.

ನೋಡುವಾಗ ಬೇಸ್‌ಗೆ ಸ್ಮೂದಿಂಗ್ (ಗೆರೆಯ ಏರಿಳಿತ ನಯಗೊಳಿಸುವುದು) ಬೇಡ, ಅಥವಾ 1/24 ಆಕ್ಟೇವ್ ಇರಲಿ. ಪೂರ್ತಿ ಗ್ರಾಫ್‌ಗೆ 1/6. ಕೆಳಗಿನ ಫ್ರೀಕ್ವೆನ್ಸಿಗೆ ವಾಟರ್‌ಫಾಲ್ (ಹೊತ್ತು ಕಳೆದಂತೆ ಶಬ್ದ ಅಡಗುವುದನ್ನು ತೋರಿಸುವ ಗ್ರಾಫ್) ತೆರೆದು ನೋಡಿ. ಉಳಿದವು ಅಡಗಿದ ಮೇಲೂ ಯಾವುದು ಎಳೆದಾಡುತ್ತಾ ಉಳಿಯುತ್ತದೋ ಅದೇ ಗುಂಯ್.

ನಿಮ್ಮ ಕೋಣೆ 41.6 ಘನ ಮೀಟರ್. ಮರುದನಿ ಅರ್ಧ ಸೆಕೆಂಡ್ ಎಂದುಕೊಂಡರೆ ಶ್ರೋಡರ್ ಫ್ರೀಕ್ವೆನ್ಸಿ ಸುಮಾರು 220 ಹರ್ಟ್ಜ್. ಅದರ ಕೆಳಗೆ ಯಜಮಾನ ಕೋಣೆ, ಮೇಲೆ ಯಜಮಾನ ಸ್ಪೀಕರ್. ಈಕ್ಯೂ (ಬೇಕಾದ ಫ್ರೀಕ್ವೆನ್ಸಿಯನ್ನಷ್ಟೇ ಏರಿಸಿ ಇಳಿಸುವ ಈಕ್ವಲೈಸರ್) ಹಾಕುವುದಿದ್ದರೆ ಕೆಳಗೆ ಧೈರ್ಯವಾಗಿ, ಮೇಲೆ ಕೈಕಟ್ಟಿ ಕೂತುಕೊಂಡು.

9. ಹೊಸಕಿವಿ

ಸ್ಪೀಕರ್ 70 ಸೆಂ.ಮೀ, ಸೋಫಾ 1.4 ಮೀ, ಜಮಖಾನ ಹಾಕಿ ಅಳೆದದ್ದು. ದನಿ ಮಡಕೆಯಿಂದ ಹೊರಗೆ ಬಂದಿದೆ. 200ರಿಂದ 500ರ ಸರಾಸರಿಗೆ ಹೋಲಿಸಿದರೆ 41 ಹರ್ಟ್ಜ್‌ನಲ್ಲಿ 9 ಡಿಬಿ ಉಬ್ಬು, 57ರಲ್ಲಿ 5 ಡಿಬಿ ಉಬ್ಬು, 131ರಲ್ಲಿ 8 ಡಿಬಿ ಗುಂಡಿ. ವಾಟರ್‌ಫಾಲ್‌ನಲ್ಲಿ 41 ಬಹಳ ಹೊತ್ತು ಉಳಿಯುತ್ತದೆ. ಗುಂಡಿ 122ರಲ್ಲಿ ಬರಬೇಕಿತ್ತಲ್ಲ? ಈಕ್ಯೂನಲ್ಲಿ 131 ಏರಿಸಲಾ?

10. ಮಂದ್ರ

ಗುಂಡಿಯ ಪ್ರಶ್ನೆಗೆ ಮಾತ್ರ ಉತ್ತರಿಸುತ್ತೇನೆ. ನಾಲ್ಕರಿಂದ ಭಾಗಿಸುವ ಸೂತ್ರ ನೀವು ಸ್ಪೀಕರ್‌ನ ನೇರ ಎದುರಿಗೆ ಇದ್ದರೆ ಸರಿ. ನೀವು ಓರೆಯಲ್ಲಿದ್ದೀರಿ. ನೇರ ದಾರಿ 2.35 ಮೀ, ಗೋಡೆಗೆ ಹೋಗಿ ಬರುವ ದಾರಿ 3.65 ಮೀ. ವ್ಯತ್ಯಾಸ 1.31 ಮೀ. ಅದು ಅರ್ಧ ಅಲೆಯಾಗುವುದು 131 ಹರ್ಟ್ಜ್‌ಗೆ. ಅಳತೆ ಚೊಕ್ಕವಾಗಿದೆ.

11. ಗ್ರಾಫ್ ಗಿರಾಕಿ

131 ಮುಟ್ಟಬೇಡಿ. ಅಲ್ಲಿ ಎರಡು ಅಲೆ ಒಂದನ್ನೊಂದು ಅಳಿಸುತ್ತಿವೆ. ನೀವು ಏರಿಸಿದಷ್ಟೂ ಗೋಡೆಯಿಂದ ಬರುವ ಅಲೆಯೂ ಏರುತ್ತದೆ, ಗುಂಡಿ ತುಂಬುವುದಿಲ್ಲ. 8 ಡಿಬಿ ಏರಿಸಲು ಆಂಪ್ 6 ಪಟ್ಟು ಪವರ್ ಕೊಡಬೇಕು, ಲಾಭ ಸೊನ್ನೆ. ಕಿರಿದಾದ ಗುಂಡಿ ಕಿವಿಗೆ ಅಷ್ಟು ಗೊತ್ತಾಗುವುದೂ ಇಲ್ಲ. ಉಬ್ಬು ಮಾತ್ರ ಗೊತ್ತಾಗುತ್ತದೆ.

ಉಬ್ಬುಗಳನ್ನು ಕತ್ತರಿಸಿ. 41 ಹರ್ಟ್ಜ್, −7 ಡಿಬಿ, ಕ್ಯೂ (ಹೆಚ್ಚಿದಷ್ಟೂ ಕಡಿತ ಕಿರಿದು) 6. 57 ಹರ್ಟ್ಜ್, −3 ಡಿಬಿ, ಕ್ಯೂ 6. ಇಲ್ಲಿಂದ ಶುರು ಮಾಡಿ ಮತ್ತೆ ಅಳೆಯಿರಿ. ಉಬ್ಬಿನ ಅಗಲಕ್ಕೂ ಫಿಲ್ಟರ್‌ನ ಅಗಲಕ್ಕೂ ತಾಳೆಯಾಗುವ ತನಕ ಕ್ಯೂ ಸರಿಸಿ. ಪೂರ್ತಿ ಸಪಾಟು ಮಾಡಬಾರದು. ಕೋಣೆಯಲ್ಲಿ ಹಿತವಾಗಿ ಕೇಳುವ ಗ್ರಾಫ್ ಬೇಸ್‌ನಿಂದ ಟ್ರೆಬಲ್‌ಗೆ ಮೆಲ್ಲಗೆ ಇಳಿಯುತ್ತದೆ, ಸಪಾಟು ಮಾಡಿದರೆ ಬಡಕಲು ಅನ್ನಿಸುತ್ತದೆ. ಅದಕ್ಕೇ ಉಬ್ಬಿನಲ್ಲಿ 2 ಡಿಬಿ ಉಳಿಸಿದ್ದು.

ಆರ್‌ಇಡಬ್ಲ್ಯೂ ತಾನೇ ಲೆಕ್ಕ ಹಾಕಲಿ ಎಂದರೆ ಈಕ್ಯೂ ಕಿಟಕಿಯಲ್ಲಿ ಮ್ಯಾಚ್ ರೇಂಜ್ 20ರಿಂದ 220, ಮ್ಯಾಕ್ಸ್ ಬೂಸ್ಟ್ (ಏರಿಕೆಯ ಮಿತಿ) ಒಂದೊಂದು ಫಿಲ್ಟರ್‌ಗೂ, ಒಟ್ಟಿಗೂ 0. ಫಿಲ್ಟರ್‌ಗಳನ್ನು ಟೆಕ್ಸ್ಟ್ ಫೈಲ್ ಆಗಿ ಉಳಿಸಿ. ವಿಂಡೋಸ್‌ನಲ್ಲಿ ಈಕ್ವಲೈಸರ್ ಎಪಿಒ ಎಂಬ ತಂತ್ರಾಂಶ ಅದನ್ನು ಹಾಗೇ ಓದುತ್ತದೆ. ಲಿನಕ್ಸ್‌ನಲ್ಲಾದರೆ ಕ್ಯಾಮಿಲ್ಲಾಡಿಎಸ್‌ಪಿ ಅಥವಾ ಈಸಿಎಫೆಕ್ಟ್ಸ್. ಒಂದು ಎಡವಟ್ಟು ಪದೇ ಪದೇ ಆಗುತ್ತದೆ: ಪ್ಲೇಯರ್ ಎಕ್ಸ್‌ಕ್ಲೂಸಿವ್ ಮೋಡ್‌ನಲ್ಲಿದ್ದರೆ (ಡ್ಯಾಕನ್ನು ತಾನೊಂದೇ ಹಿಡಿದಿದ್ದರೆ) ಹಾಡು ಈಕ್ವಲೈಸರ್ ಎಪಿಒವನ್ನು ದಾಟಿ ಹೋಗುತ್ತದೆ. ಈಕ್ಯೂ ಹಾಕಿದೆ, ಏನೂ ಬದಲಾಗಲಿಲ್ಲ ಅನ್ನುವವರು ಮೊದಲು ಅದನ್ನು ನೋಡಲಿ.

12. ತಂತಿಪ್ರಿಯ

ಗೋಡೆಯ ಮಾತು ಒಪ್ಪಿದೆ. ಆದರೆ ಡಿಜಿಟಲ್ ಈಕ್ಯೂ ಫೇಸ್ ಕೆಡಿಸುತ್ತದೆ, ಬಿಟ್ ಪರ್ಫೆಕ್ಟ್ (ಫೈಲ್‌ನಲ್ಲಿದ್ದ ಹಾಗೇ) ಉಳಿಯುವುದಿಲ್ಲ. ಅಷ್ಟು ಒಳ್ಳೆಯ ಡ್ಯಾಕ್ ಇಟ್ಟುಕೊಂಡು ಯಾಕೆ?

13. ಓಮ್‌ಕಾರ

ಫೇಸ್ ಬದಲಾಗುತ್ತದೆ, ನಿಜ. ಆದರೆ ಕೋಣೆಯ ಮೋಡ್ ಈಗಾಗಲೇ ಫೇಸ್ ತಿರುಚಿದೆ. ಕೆಳಗಿನ ಫ್ರೀಕ್ವೆನ್ಸಿಯ ಒಂಟಿ ಉಬ್ಬು ಬಹುಪಾಲು ಮಿನಿಮಮ್ ಫೇಸ್ ವರ್ತನೆ, ಅಂದರೆ ಮಟ್ಟದ ಏರಿಳಿತಕ್ಕೆ ಕಟ್ಟಿಕೊಂಡೇ ಫೇಸ್ ಬದಲಾಗುವುದು. ಸಾಮಾನ್ಯ ಪ್ಯಾರಾಮೆಟ್ರಿಕ್ (ಫ್ರೀಕ್ವೆನ್ಸಿ, ಡಿಬಿ, ಕ್ಯೂ ಕೊಟ್ಟು ಹಾಕುವ) ಫಿಲ್ಟರೂ ಅದೇ ಜಾತಿ. ಉಬ್ಬಿಗೆ ತಕ್ಕ ಕಡಿತ ಹಾಕಿದರೆ ಮಟ್ಟದ ಜೊತೆ ಫೇಸ್ ಕೂಡ ನೇರವಾಗುತ್ತದೆ, ಎಳೆದಾಡುವ ಗುಂಯ್ ಮೊಟಕಾಗುತ್ತದೆ. ಈಕ್ಯೂ ಹಾಕಿದ ಮೇಲಿನ ವಾಟರ್‌ಫಾಲ್ ಅದನ್ನೇ ತೋರಿಸಬೇಕು. ಸೋಫಾದ ಇನ್ನೊಂದು ತುದಿಯಲ್ಲಿ ಕೂತವರಿಗೆ ಅಷ್ಟೇ ಫಲ ಸಿಗದು, ಅದು ಒಪ್ಪಬೇಕಾದ ಮಿತಿ.

ಬಿಟ್ ವಿಷಯ: 16 ಬಿಟ್ ಹಾಡಿಗೆ ಸುಮಾರು 96 ಡಿಬಿ ವ್ಯಾಪ್ತಿ. ಡ್ಯಾಕ್‌ಗೆ 24 ಬಿಟ್‌ನಲ್ಲಿ ಕಳಿಸಿದರೆ 7 ಡಿಬಿ ಕಡಿತದಲ್ಲಿ ಕಳೆದುಕೊಳ್ಳುವುದು ಏನೂ ಇಲ್ಲ. ಯಾವುದಾದರೂ ಫಿಲ್ಟರ್‌ನಲ್ಲಿ ಬೂಸ್ಟ್ ಇದ್ದರೆ ಮಾತ್ರ ಅಷ್ಟೇ ಡಿಬಿ ಪ್ರೀಆಂಪ್ (ತಂತ್ರಾಂಶದ ಒಟ್ಟು ಮಟ್ಟ) ಇಳಿಸಬೇಕು. ಬರೀ ಕಡಿತ ಇದ್ದರೂ 2–3 ಡಿಬಿ ಇಳಿಸಿಡುವುದು ಕ್ಷೇಮ. ಜೋರಾಗಿ ಮಾಸ್ಟರ್ ಮಾಡಿದ ಹಾಡುಗಳಲ್ಲಿ ಎರಡು ಸ್ಯಾಂಪಲ್ ನಡುವಿನ ಅಲೆ ಮಿತಿ ದಾಟುವುದುಂಟು.

14. ಕೆಳಷಡ್ಜ

ಇನ್ನೊಂದು ದಾರಿಯನ್ನು ಯಾರೂ ಹೇಳಲಿಲ್ಲ. ಮುಂದೆ ಸಬ್‌ವೂಫರ್ (ಸಬ್: ಬೇಸ್‌ಗೆಂದೇ ಇರುವ ಸ್ಪೀಕರ್) ತರುವ ಯೋಚನೆ ಇದ್ದರೆ 41ರ ಸಮಸ್ಯೆಯನ್ನು ಜಾಗದಿಂದಲೇ ಅರ್ಧ ಬಗೆಹರಿಸಬಹುದು. ಸ್ಪೀಕರ್ ಇಡುವ ಜಾಗಕ್ಕೆ ಸ್ಟೀರಿಯೊ ಚಿತ್ರದ ಕಟ್ಟುಪಾಡಿದೆ, ಸಬ್‌ಗೆ ಇಲ್ಲ. 80 ಹರ್ಟ್ಜ್ ಕೆಳಗಿನ ಶಬ್ದ ಎಲ್ಲಿಂದ ಬಂತೆಂದು ಕಿವಿಗೆ ಗೊತ್ತಾಗುವುದು ಕಷ್ಟ.

ಮೂಲೆಯಲ್ಲಿಟ್ಟರೆ ಎಲ್ಲ ಮೋಡೂ ಪೂರ್ತಿ ಎದ್ದು ಕೂರುತ್ತವೆ. ಪಕ್ಕದ ಗೋಡೆಯ ಉದ್ದದ ನಟ್ಟನಡುವೆ, 2.1 ಮೀಗೆ ಇಟ್ಟರೆ 41 ಏಳುವುದೇ ಇಲ್ಲ, ಆದರೆ ಅಗಲದ 52 ಏಳುತ್ತದೆ. ನೀವು ಅಗಲದ ಮಧ್ಯದಲ್ಲಿ ಕೂತಿರುವುದರಿಂದ ಅದು ನಿಮಗೆ ಕೇಳುವುದಿಲ್ಲ, ಪಕ್ಕದವರಿಗೆ ಕೇಳುತ್ತದೆ. ಎರಡು ಸಬ್ ಇದ್ದರೆ ಮುಂದಿನ ಗೋಡೆಯ ನಡುವೆ ಒಂದು, ಹಿಂದಿನ ಗೋಡೆಯ ನಡುವೆ ಒಂದು. ಒಂದೇ ಮಟ್ಟ, ಒಂದೇ ಫೇಸ್‌ನಲ್ಲಿ ಹಾಡಿದರೆ 41 ರದ್ದು. ಎದುರು ಗೋಡೆಗಳ ಮಧ್ಯಬಿಂದುಗಳು ಚೆನ್ನಾಗಿ ಕೆಲಸ ಮಾಡುತ್ತವೆ ಎಂದು ಹರ್ಮನ್ ಆಡಿಯೊ ಕಂಪನಿಯ ಟಾಡ್ ವೆಲ್ಟಿ 2002ರಲ್ಲೇ ತೋರಿಸಿದ್ದಾರೆ. ಲೆಕ್ಕ ಬೇಡ ಎನ್ನುವವರಿಗೆ ಹಳೆಯ ಉಪಾಯ: ಸಬ್ಬನ್ನು ಸೋಫಾ ಮೇಲೆ ಕೂರಿಸಿ, ನೀವು ಗೋಡೆ ಬದಿಯಲ್ಲಿ ಮಂಡಿಯೂರಿ ಸಾಗಿ. ಎಲ್ಲಿ ಬೇಸ್ ಸಮನಾಗಿ ಕೇಳುತ್ತದೋ ಸಬ್‌ನ ಜಾಗ ಅದು. ನೋಡಿದವರು ನಗುತ್ತಾರೆ, ಆದರೆ ಕೆಲಸ ಆಗುತ್ತದೆ.

ಕ್ರಾಸ್‌ಓವರ್ (ಸಬ್ ಮತ್ತು ಸ್ಪೀಕರ್ ಕೆಲಸ ಹಂಚಿಕೊಳ್ಳುವ ಗಡಿ) 80 ಹರ್ಟ್ಜ್. ಸಬ್‌ಗೆ ಲೋ ಪಾಸ್ (ಗಡಿಯ ಕೆಳಗಿನದನ್ನಷ್ಟೇ ಬಿಡುವ ಫಿಲ್ಟರ್) ಮಾತ್ರವಲ್ಲ, ಸ್ಪೀಕರ್‌ಗೆ ಹೈ ಪಾಸ್ (ಮೇಲಿನದನ್ನಷ್ಟೇ ಬಿಡುವುದು) ಕೂಡ ಹಾಕಿ. ಇಲ್ಲದಿದ್ದರೆ ಸ್ಪೀಕರ್ ಮೊದಲಿನಂತೆಯೇ 41ನ್ನು ಎಬ್ಬಿಸುತ್ತದೆ, ಸಬ್ ಜಾಗ ಹುಡುಕಿದ್ದೆಲ್ಲ ನೀರುಪಾಲು. ಹೈ ಪಾಸ್ ಹಾಕಿದ ಮೇಲೆ ಸಣ್ಣ ವೂಫರ್‌ಗೂ ಓಡಾಟ ಕಡಿಮೆ, ದನಿ ಇನ್ನಷ್ಟು ಸ್ವಚ್ಛ.

15. ಹೊಸಕಿವಿ

ಈಕ್ಯೂ ಹಾಕಿ ಅಳೆದೆ. 41ರಲ್ಲಿ 2 ಡಿಬಿ ಉಳಿದಿದೆ, ವಾಟರ್‌ಫಾಲ್‌ನಲ್ಲಿ ಅದರ ಬಾಲ ಅರ್ಧಕ್ಕಿಂತ ಕಮ್ಮಿ. ಕೆಳಷಡ್ಜ ಮೇಡಂ ಹೇಳಿದಂತೆ ಎರವಲು ಸಬ್ ಒಂದನ್ನು ಪಕ್ಕದ ಗೋಡೆಯ ನಡುವೆ ಇಟ್ಟೆ. ಎರಡು ತೊಂದರೆ. ಪ್ಲಗ್ ಹಾಕಿ ಆರ್‌ಸಿಎ (ಆಡಿಯೊ ಸಿಗ್ನಲ್) ಕೇಬಲ್ ಚುಚ್ಚಿದ ತಕ್ಷಣ ಹಾಡಿಲ್ಲದಾಗಲೂ ಹಮ್ಮ್ ಎನ್ನುತ್ತದೆ. ಹಾಡು ಹಾಕಿದರೆ 80ರ ಆಸುಪಾಸು ಶಬ್ದ ಹೆಚ್ಚುವ ಬದಲು ಕಡಿಮೆಯಾಗಿದೆ.

16. ಓಮ್‌ಕಾರ

ಹಮ್ ಗ್ರೌಂಡ್ ಲೂಪ್ ಇರಬೇಕು, ಅಂದರೆ ಉಪಕರಣಗಳ ಅರ್ತ್‌ಗಳ ನಡುವೆ ಕೇಬಲ್ ಮೂಲಕ ಸುತ್ತುವ ಕರೆಂಟ್. ಖಚಿತಪಡಿಸಿಕೊಳ್ಳಿ: ಆರ್‌ಸಿಎ ಕಿತ್ತು ಸಬ್ ಒಂದನ್ನೇ ಆನ್ ಮಾಡಿ. ಆಗಲೂ ಹಮ್ ಇದ್ದರೆ ಸಬ್‌ನ ಒಳಗಿನ ದೋಷ. ನಿಂತರೆ, ಆರ್‌ಸಿಎ ಚುಚ್ಚಿ, ಕಂಪ್ಯೂಟರ್‌ನಿಂದ ಡ್ಯಾಕ್‌ಗೆ ಬರುವ ಯುಎಸ್‌ಬಿ ಕೀಳಿ. ಈಗ ನಿಂತರೆ ಲೂಪ್ ಕಂಪ್ಯೂಟರ್‌ನ ಅರ್ತ್ ಮತ್ತು ಸಬ್‌ನ ಅರ್ತ್ ನಡುವೆ. ನಿಲ್ಲದಿದ್ದರೆ ಆಂಪ್‌ಗೆ ಸೇರಿದ ಉಳಿದದ್ದನ್ನು ಒಂದೊಂದಾಗಿ ಕೀಳಿ. ಟಿವಿಯ ಕೇಬಲ್ ಸಾಮಾನ್ಯ ಅಪರಾಧಿ.

ಪರಿಹಾರಗಳು, ಅಗ್ಗದಿಂದ ಶುರು. ಎಲ್ಲ ಉಪಕರಣವೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡ್‌ನಿಂದ. ಆಮೇಲೆ, ಕಂಪ್ಯೂಟರ್‌ನಲ್ಲಿ ಆಪ್ಟಿಕಲ್ ಔಟ್‌ಪುಟ್ ಇದ್ದರೆ ಯುಎಸ್‌ಬಿ ಬದಲು ಅದು; ಬೆಳಕಿನಲ್ಲಿ ಅರ್ತ್ ಹರಿಯುವುದಿಲ್ಲ. ಅದೂ ಆಗದಿದ್ದರೆ ಸಬ್‌ನ ಆರ್‌ಸಿಎ ದಾರಿಯಲ್ಲಿ ಲೈನ್ ಐಸೊಲೇಷನ್ ಟ್ರಾನ್ಸ್‌ಫಾರ್ಮರ್. ಅಗ್ಗದ ಟ್ರಾನ್ಸ್‌ಫಾರ್ಮರ್ 30–40 ಹರ್ಟ್ಜ್ ಕೆಳಗೆ ಸೊರಗುತ್ತದೆ, ಹಾಕಿದ ಮೇಲೆ ಒಮ್ಮೆ ಸ್ವೀಪ್ ಮಾಡಿ ನೋಡಿ. ಸಬ್‌ನ ಪ್ಲಗ್‌ನ ಅರ್ತ್ ಪಿನ್ ಕತ್ತರಿಸಿ ಎಂದು ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಒಳಗೆ ಇನ್ಸುಲೇಷನ್ ಹೋದ ದಿನ ಸಬ್‌ನ ಲೋಹದ ಫಲಕದಲ್ಲಿ ಮೇನ್ಸ್ ಕರೆಂಟ್ ಇರುತ್ತದೆ.

17. ಕೆಳಷಡ್ಜ

ಎರಡನೆಯದು ಫೇಸ್ ಜಗಳ. ಸಬ್ ಮತ್ತು ಸ್ಪೀಕರ್ 80ರಲ್ಲಿ ಒಂದನ್ನೊಂದು ಕಡಿಯುತ್ತಿವೆ.

ಸಬ್‌ನ ಪೊಲಾರಿಟಿಯನ್ನು 180ಕ್ಕೆ ತಿರುಗಿಸಿ ಅಳೆಯಿರಿ. 80ರಲ್ಲಿ ತುಂಬಿಕೊಂಡರೆ ಬಹುಪಾಲು ಕೆಲಸ ಆಯಿತು. ಅರೆಬರೆ ಆದರೆ ಡಿಲೇ (ಬೇಕೆಂದೇ ಕೊಡುವ ತಡ) ಬೇಕು. ಡಿಎಸ್‌ಪಿ (ಡಿಜಿಟಲ್ ಸಂಸ್ಕರಣೆ) ಇರುವ ಸಬ್‌ಗಳು ಒಳಗೇ ಕೆಲವು ಮಿಲಿಸೆಕೆಂಡ್ ತಡ ಮಾಡುತ್ತವೆ. ಒಂದು ಮಿಲಿಸೆಕೆಂಡ್‌ಗೆ ಶಬ್ದ 34 ಸೆಂ.ಮೀ ಸಾಗುತ್ತದೆ. ಹಾಗಾಗಿ ಟೇಪ್ ಹಿಡಿದು ಅಳೆದ ದೂರಕ್ಕೂ ಬೇಕಾದ ಡಿಲೇಗೂ ತಾಳೆಯಾಗುವುದಿಲ್ಲ. ತಡವಾಗುತ್ತಿರುವುದು ಸಬ್ ಆದ್ದರಿಂದ ಡಿಲೇ ಕೊಡಬೇಕಾದ್ದು ಸ್ಪೀಕರ್‌ಗೆ.

ಸುಲಭ ವಿಧಾನ: ಪೊಲಾರಿಟಿಯನ್ನು ಬೇಕೆಂದೇ ತಪ್ಪಾಗಿಡಿ. 80 ಹರ್ಟ್ಜ್ ಸೈನ್ ಹಾಕಿ, ಸ್ಪೀಕರ್‌ನ ಡಿಲೇಯನ್ನು ಅರ್ಧ ಅರ್ಧ ಮಿಲಿಸೆಕೆಂಡ್ ಏರಿಸುತ್ತಾ ಮೈಕ್‌ನಲ್ಲಿ ಮಟ್ಟ ಅತಿ ಕೆಳಗೆ ಬೀಳುವ ಬಿಂದು ಹುಡುಕಿ. ಅತಿ ಜೋರು ಎಲ್ಲಿ ಎಂದು ಹೇಳುವುದು ಕಷ್ಟ, ಅತಿ ಮೌನ ಎಲ್ಲಿ ಎಂದು ಹೇಳುವುದು ಸುಲಭ. ಸಿಕ್ಕ ಮೇಲೆ ಪೊಲಾರಿಟಿ ವಾಪಸ್ ತಿರುಗಿಸಿ. 80ರ ಒಂದು ಪೂರ್ತಿ ಆವರ್ತ 12.5 ಮಿಲಿಸೆಕೆಂಡ್, ಅಷ್ಟು ದೂರಕ್ಕೊಮ್ಮೆ ಇನ್ನೊಂದು ಸುಳ್ಳು ಬಿಂದು ಸಿಗುತ್ತದೆ. 60ರಿಂದ 110ರ ತನಕ ಸ್ವೀಪ್ ಮಾಡಿ ಇಡೀ ಪಟ್ಟಿ ತುಂಬಿದೆಯೇ ಎಂದು ನೋಡಿದರೆ ನಿಜ ಯಾವುದು ಗೊತ್ತಾಗುತ್ತದೆ.

ಆಮೇಲೆ ನಿಮ್ಮ 41 ಹರ್ಟ್ಜ್ ಫಿಲ್ಟರ್ ತೆಗೆದು ಮತ್ತೆ ಅಳೆಯಿರಿ. ಸಬ್ ಆ ಜಾಗದಲ್ಲಿದ್ದರೆ ಅದು ಬೇಕಾಗಲಿಕ್ಕಿಲ್ಲ, ಹಾಗೇ ಬಿಟ್ಟರೆ ಅಲ್ಲಿ ಹಳ್ಳ ಬೀಳುತ್ತದೆ.

18. ಹೊಸಕಿವಿ

ಪೊಲಾರಿಟಿ 180, ಸ್ಪೀಕರ್‌ಗೆ 6.5 ಮಿಲಿಸೆಕೆಂಡ್ ಡಿಲೇ. 60ರಿಂದ 110 ಈಗ 3 ಡಿಬಿ ಒಳಗಿದೆ. 41ರ ಫಿಲ್ಟರ್ ತೆಗೆದಾಗ ಅಲ್ಲಿ 3 ಡಿಬಿ ಉಬ್ಬು, ಹಾಗೇ ಬಿಟ್ಟಿದ್ದೇನೆ. 57ರದ್ದು ಇನ್ನೂ ಬೇಕಾಯಿತು. ಹಮ್ ಒಂದೇ ಬೋರ್ಡ್‌ಗೆ ತಂದಾಗ ತಗ್ಗಿತು, ಆಪ್ಟಿಕಲ್‌ಗೆ ಬದಲಿಸಿದಾಗ ನಿಂತಿತು.

19. ಮಂದ್ರ

57 ಎತ್ತರದ ಮೋಡ್. ಸಬ್ ನೆಲದ ಮೇಲಿರುವ ತನಕ ಅದು ಏಳುವುದೇ. ಫಿಲ್ಟರ್ ಇರಲಿ.